ಮೂರನೆಯ ರಿಂಗು

ಬಸ್ಸು ಇಟ್ಟಂಗಿಹಾಳದ ಹತ್ತಿರ ಬರುವ ಹೊತ್ತಿಗೆ ಮೌಲಾಸಾಬ ತನ್ನ ಕಥೆಯಲ್ಲಿ ಕೆರೆಯ ನಟ್ಟನಡುವೆ ಬಂದಿದ್ದ. ಕೇಳುತ್ತಿದ್ದವನು ಪಕ್ಕದ ಸೀಟಿನ ಯಾರೋ ದ್ರಾಕ್ಷಿ ತೋಟದವನು. ಹೆಸರು, ಊರು ಕೇಳಿಕೊಳ್ಳುವ ಮೊದಲೇ ಕಥೆ ಶುರುವಾಗಿಬಿಟ್ಟಿತ್ತು. ಕಿಟಕಿಗೆ ಒತ್ತಿಕೊಂಡು ಕುಳಿತಿದ್ದ ಮೌಲಾಸಾಬನ ಹೆಂಡತಿ ಮುನೀರಾ, ಈ ಮಾತಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ, ಕಂಡಕ್ಟರು ಕೊಟ್ಟ ಬಿಟ್ಟಿ ಟಿಕೀಟನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಹೊರಗೆ ನೋಡುತ್ತಿದ್ದಳು. ಮನೆಯಲ್ಲಿ ಮೊದಲ ಸಲ ಹೇಳಿದಾಗ ಸೊಂಟದ ಮಟ್ಟ ಇದ್ದ ನೀರು ಟಿಕೋಟಾದ ಚಹಾದಂಗಡಿಯಲ್ಲಿ ಎದೆಗೆ ಏರಿತ್ತು. ಈಗ ಬಸ್ಸಿನಲ್ಲಿ ಗದ್ದ ಮುಟ್ಟಿತ್ತು. ವಿಜಯಪುರ ಬರುವುದರೊಳಗೆ ಇಂವ ಮುಳುಗಿಯೇ ಹೋಗುತ್ತಾನೆ ಅನ್ನಿಸಿ ಅವಳಿಗೆ ನಗು ಬಂತು. ನೀರು, ಗಾಳಿ ಎಲ್ಲಾ ದಿನಕ್ಕೊಂದು ಅಳತೆಗೆ ಬೆಳೆಯುತ್ತಿದ್ದರೂ ಕಥೆಯ ಒಂದು ಮಾತು ಮಾತ್ರ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ.

“ಮಷೀನ್ ಬಂದ್ ಬೀಳೂದು ದೊಡ್ಡ ಮಾತಲ್ರಿ. ಮೀನಿನ ಬಲಿ ದಾರ ಬೋಟಿನ ಫ್ಯಾನಿಗೆ ಸುತ್ಕೊಂತು. ಆತು, ನೀರಿನ ಮ್ಯಾಲಿನ ಹಣೇಬಾರ ಅದು. ಆದ್ರ ಮನಿಗೆ ಒಂದ್ ಫೋನ್ ಹತ್ತಬಾರದೇನ್ರಿ? ನೆಟ್‌ವರ್ಕ್ ಕೈ ಕೊಡ್ತು. ಅದಕ್ಕ ಇವತ್ತ ಫೋನೂ ಬದ್ಲಿ, ಕಂಪನೀನೂ ಬದ್ಲಿ.”

“ಕಂಪನಿ ಏನ್ ಬದ್ಲಿ ಮಾಡ್ತೀರಿ ಬಿಡ್ರಿ,” ದ್ರಾಕ್ಷಿಯವನು ನಕ್ಕ. “ನಮ್ಮ ಮನ್ಯಾಗ ನೆಟ್‌ವರ್ಕ್ ಫುಲ್ ಐತಿ. ಮನಿಯಾಕಿನ ಎತ್ತಂಗಿಲ್ಲ. ಅದಕ್ಕ ಯಾವ ಸಿಮ್ ಹಾಕ್ಲಿ ಹೇಳ್ರಿ?”

“ನಮ್ಮಾಕಿ ಹಂಗಲ್ರಿ. ಅಕಿಗೆ ಮುಟ್ಟಿದ್ರಲ್ಲೇನು?” ಅಂದ ಮೌಲಾಸಾಬ, ಅಭಿಮಾನದಿಂದ.

ಟಿಕೀಟು ಅವಳ ಬೆರಳಲ್ಲಿ ಹರಿಯಿತು.

ಮುಟ್ಟಿತ್ತು. ಅವತ್ತು ಮಧ್ಯಾಹ್ನ ಅವಳು ಅಂಗಳದಲ್ಲಿ ಕುಳಿತು ಶೇಂಗಾ ಒಡೆಯುತ್ತಿದ್ದಾಗ, ಒಳಗೆ ದಿಂಬಿನ ಬದಿಗಿದ್ದ ಅವಳ ಗುಂಡಿ ಫೋನು ಎರಡು ಸಲ ಬಾರಿಸಿ ನಿಂತಿತ್ತು. ಒಂದು ರಿಂಗು ಅಂದರೆ ಹೋದಲ್ಲಿಗೆ ಮುಟ್ಟಿದೆ, ಎರಡು ರಿಂಗು ಅಂದರೆ ಮನೆಗೆ ಹೊರಟೆ. ಹಳ್ಳಿಗೆ ಫೋನು ಬಂದ ಹೊಸದರಲ್ಲಿ, ಬಾಯಿ ತೆರೆದರೆ ದುಡ್ಡು ಹರಿಯುತ್ತಿದ್ದ ಕಾಲದಲ್ಲಿ, ಗಂಡ ಹೆಂಡತಿ ಮಾಡಿಕೊಂಡ ಒಪ್ಪಂದ ಅದು. ಈಗ ದಿನವಿಡೀ ಮಾತಾಡಿದರೂ ಅಷ್ಟೇ ದುಡ್ಡು ಅಂತ ಮಗಳು ನಾಜಿಯಾ ಎಷ್ಟು ಬಡಿದುಕೊಂಡರೂ ಒಪ್ಪಂದ ಮುರಿದಿರಲಿಲ್ಲ. ಮುನೀರಾ ಗಂಡನ ಫೋನು ಎತ್ತಿದವಳೇ ಅಲ್ಲ. ಎತ್ತುವುದು ಅಂದರೆ ಅವನ ಕೈಯೊಳಗಿನ ದುಡ್ಡು ಕಸಿದುಕೊಂಡಂತೆ ಅನ್ನಿಸುತ್ತಿದ್ದ ಆ ಮೊದಲಿನ ದಿನಗಳ ಭಯ ಕಿವಿಯಲ್ಲೇ ಉಳಿದುಹೋಗಿತ್ತು. ಎರಡು ಸಲ ಬಾರಿಸಿತು, ನಿಂತಿತು. ಇಂದು ಬೇಗ ಹೊರಟನಲ್ಲ ಅಂದುಕೊಂಡು ಒಲೆ ಹಚ್ಚಿ ರೊಟ್ಟಿ ಬಡಿದಳು. ರೊಟ್ಟಿ ಆರಿದವು. ಪುಂಡಿಪಲ್ಯ ಆರಿತು. ಬಬಲೇಶ್ವರದಲ್ಲಿ ಬೈಕು ನಿಲ್ಲಿಸಿ, ದೋಸ್ತರ ಜೊತೆ ಮಿರ್ಚಿಭಜಿ ತಿನ್ನುತ್ತ ಇದೇ ದೊಡ್ಡ ಗಂಟಲಲ್ಲಿ ಕಥೆ ಹೇಳುತ್ತ ಕುಳಿತಿರುತ್ತಾನೆ ಅಂತ ಅವಳಿಗೆ ಸಿಟ್ಟು ಬಂತು. ತಿರುಗಿ ಒಂದು ಫೋನು ಮಾಡಬಹುದಿತ್ತು. ಫೋನನ್ನು ಕೈಗೆ ತೆಗೆದುಕೊಂಡೂ ಇದ್ದಳು. ‘ಬರ್ಲಿ, ತಾನ ಬರ್ಲಿ,’ ಅಂತ ಅದನ್ನು ದಿಂಬಿನ ಕೆಳಗೆ ತುರುಕಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅದೇ ಹೊತ್ತಿಗೆ ಅವನು ಗಾಳಿಗೆ ಸಿಕ್ಕ ಬೋಟಿನಿಂದ ಇಳಿದು, ನೀರೊಳಗೆ ಮುಳುಗಿದ ಜಾಲಿಯ ಮುಳ್ಳಿನ ನಡುವೆ ಹೆಜ್ಜೆ ತಡಕುತ್ತ, ಆಚೆ ದಂಡೆಗೆ ಹೋಗುತ್ತಿದ್ದ. ಕತ್ತಲಾಗುವಾಗ ಬಾಗಿಲಲ್ಲಿ ನಿಂತವನ ಲುಂಗಿಯಿಂದ ನೀರು ಸೋರುತ್ತಿತ್ತು, ಮೊಣಕಾಲಲ್ಲಿ ರಕ್ತ. ಕೈಯಲ್ಲಿ ಸತ್ತ ಫೋನು. “ನೆಟ್‌ವರ್ಕ್ ಇರ್ಲಿಲ್ಲ,” ಅಂದ. ಅವಳು “ಹೂಂ,” ಅಂದಳು.

ಆ ಹೂಂ ಅನ್ನುವುದಕ್ಕೆ ಎಷ್ಟು ಹೊತ್ತು ಹಿಡಿದೀತು? ಕಣ್ಣು ಮಿಟುಕಿಸುವಷ್ಟು. ಅಂದಿನಿಂದ ಅದು ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. ಅನ್ನದ ತುತ್ತು ನುಂಗಿದರೂ ಇಳಿಯಲಿಲ್ಲ. ಬರೀ ಅಷ್ಟೇ ಆಗಿದ್ದರೆ ಹೇಳಿಬಿಡುತ್ತಿದ್ದಳೇನೋ. ಆದರೆ ಮಾರನೇ ದಿನವೇ ಮೌಲಾಸಾಬ, ಕೆರೆಯ ನಡುವೆ ಫೋನು ಹತ್ತದಿದ್ದರೆ ತಾನಿನ್ನು ನೀರಿಗೆ ಇಳಿಯುವುದಿಲ್ಲ ಅಂತ ಮೀನಿನ ಗುತ್ತಿಗೆಯ ಸಾಹುಕಾರನಿಗೆ ಹೇಳಿ ಬಂದಿದ್ದ. ಶುಕ್ರವಾರದವರೆಗೆ ಕಾಯುತ್ತೇನೆ, ಆಮೇಲೆ ಬೋಟು ಬೇರೆಯವನ ಕೈಗೆ, ಅಂದಿದ್ದ ಸಾಹುಕಾರ. ಅಳಿಯ ನದೀಮ ಇನ್ನೊಂದು ಕೆಲಸವನ್ನೂ ಹುಡುಕಿಟ್ಟಿದ್ದ: ಜಲನಗರದ ಒಂದು ದವಾಖಾನೆಯ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು. ನೆರಳು, ಫ್ಯಾನು, ನೆಲ. ಗಂಡ ಆ ಕುರ್ಚಿಯ ಮೇಲೆ ಕೂತದ್ದನ್ನು ಮುನೀರಾ ಎಷ್ಟೋ ಸಲ ಕಣ್ಮುಂದೆ ತಂದುಕೊಂಡು ನೋಡಿದ್ದಳು; ಒಣಗಿದ ಬಟ್ಟೆ, ಒಣಗಿದ ಕಾಲು. ಅವಳು ನೀರಿಗೆ ಹೆದರುವವಳು. ಅವಳ ಊರಲ್ಲಿ ನೀರು ಅಂದರೆ ಕೊಡದಲ್ಲಿ ಇರುವಂಥದು, ಹೆಚ್ಚೆಂದರೆ ಬಾವಿಯ ತಳದಲ್ಲಿ. ಹೊಳೆಯ ನೀರು ಪೈಪಿನಲ್ಲಿ ಹತ್ತಿ ಬಂದು ಕೆರೆ ತುಂಬಿದ ವರ್ಷ ಇವನು ಟಂಟಂ ಗಾಡಿ ಮಾರಿ ಬೋಟಿನ ಮೇಲೆ ಮದುಮಗನ ಹಾಗೆ ಕೂತಾಗ, ಎಲ್ಲರೂ ಚಪ್ಪಾಳೆ ಹೊಡೆದಿದ್ದರು, ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಈಗ ತಾನು ಏನೂ ಮಾಡಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ನೆಟ್‌ವರ್ಕಿನ ಮೇಲೆ ತಪ್ಪು ಬೀಳುತ್ತದೆ, ಗಂಡ ದಂಡೆಗೆ ಬೀಳುತ್ತಾನೆ. ಹೀಗೆ ಯೋಚಿಸಿದ ತನ್ನ ತಲೆಯನ್ನು ಅವಳೇ ಬೇರೆ ಯಾರದೋ ತಲೆಯ ಹಾಗೆ ದೂರ ನಿಂತು ನೋಡಿದಳು. ಬಸ್ಸು ತೊರವಿ ದಾಟಿ ಊರೊಳಗೆ ಹೊಕ್ಕಿತು.

ಬಸ್‌ಸ್ಟ್ಯಾಂಡಿನಲ್ಲಿ ನಾಜಿಯಾ ಕಾಯುತ್ತಿದ್ದಳು. ಇಬ್ರಾಹಿಂಪುರದಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದ ಅವಳಿಗೆ ಜಗತ್ತಿನ ಪ್ರತಿಯೊಂದರ ಅಳತೆಯೂ ಗೊತ್ತು. ತನಗೆ ಪರಿಚಯದ ಸಂಗುವಿನ ಮೊಬೈಲ್ ಅಂಗಡಿಗೆ ಅಪ್ಪ ಅಮ್ಮ ಇಬ್ಬರನ್ನೂ ಹಸುಗೂಸುಗಳ ಹಾಗೆ ಕರೆದೊಯ್ದಳು. ಅಂಗಡಿ ತುಂಬ ಕನ್ನಡಿ, ಬೆಳಕು. ಮುನೀರಾ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಳು. “ಇರ್ಲಿ ಬರ್ರಿ ಚಾಚೀ, ಗುಡಿ ಅಲ್ಲ,” ಅಂದ ಸಂಗು. ಅವಳು ಮತ್ತೆ ಮೆಟ್ಟಿಕೊಳ್ಳುವಾಗ ಎಡದ್ದು ಬಲಕ್ಕೆ ಹೋಯಿತು.

“ನೀರಿನ್ಯಾಗ ಒಯ್ಯೂ ಫೋನ್ ಬೇಕು,” ನಾಜಿಯಾ ಅಪ್ಪಣೆ ಮಾಡಿದಳು.

“ಇದನ್ನ ನೋಡ್ರಿ ಚಾಚಾ.” ಸಂಗು ತೋರಿಕೆಗೆ ಇಟ್ಟಿದ್ದ ಫೋನೊಂದನ್ನು ನೀರಿನ ಗ್ಲಾಸಿನಲ್ಲಿ ಮುಳುಗಿಸಿ ತೆಗೆದ. “ಜಳಕ ಮಾಡ್ಸಿದ್ರೂ ಏನಾಗಂಗಿಲ್ಲ. ಕ್ಯಾಮೆರಾ ಅಂತೂ ಕೇಳಬ್ಯಾಡ್ರಿ, ಚಂದ್ರನ ಮ್ಯಾಲಿನ ತೆಗ್ಗು ಸೈತ ಕಾಣ್ತೈತಿ.”

“ಚಂದ್ರನ ತೆಗ್ಗು ತಗೊಂಡು ಏನ್ ಮಾಡ್ಲಪಾ? ನನಗ ಮಧ್ಯಾಹ್ನದ ಬಿಸಿಲಾಗ ನಂಬರ್ ಕಾಣ್ಬೇಕು. ಮಷೀನ್ ಸಪ್ಪಳದಾಗ ಕೇಳಸ್ಬೇಕು. ಒಮ್ಮಿ ಚಾರ್ಜ್ ಮಾಡಿದ್ರ ಮರುದಿನಕ್ಕೂ ಇರ್ಬೇಕು. ಹಸಿ ಕೈಲೆ ಮುಟ್ಟಿದ್ರ ಹೇಳಿದ್ ಕೇಳ್ಬೇಕು.”

“ಅಬ್ಬಾ, ನೀವು ಫೋನ್ ಕೇಳಾಕತ್ತೀರೋ, ಸೊಸಿ ನೋಡಾಕತ್ತೀರೋ?” ಅಂದಳು ನಾಜಿಯಾ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಮೌಲಾಸಾಬನೂ ನಕ್ಕ. ನಗುತ್ತಲೇ ಸಾಧಾರಣ ಕಾಣುವ, ದಪ್ಪನೆಯ ಇನ್ನೊಂದು ಫೋನನ್ನು ಎತ್ತಿಕೊಂಡು, ಬಿಸಿಲಿನಲ್ಲಿ ಕಾಣುತ್ತದೋ ಇಲ್ಲವೋ ನೋಡಲು ನೆಟ್ಟಗೆ ಬೀದಿಗೆ ನಡೆದುಬಿಟ್ಟ. ಬಾಗಿಲಲ್ಲಿದ್ದ ಕಾವಲಿನವನು ಎರಡೇ ನೆಗೆತಕ್ಕೆ ಬಂದು ಅವನ ಮೊಣಕೈ ಹಿಡಿದ. “ಏ, ಎಲ್ಲಿ ಒಯ್ಯಾಕತ್ತಿ?” ಲುಂಗಿಯ ಮುದುಕ, ಕೈಯಲ್ಲಿ ಹೊಸ ಫೋನು, ಹಿಡಿದ ಮೊಣಕೈ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಸಂಗು ಓಡಿ ಬಂದು, “ಬಿಡೋ, ನಮ್ಮವ್ರ ಅದಾರ,” ಅಂದ, ಕಾವಲಿನವನು ಕೈ ಬಿಟ್ಟ, ಒಂದು ಉಸಿರಿನಲ್ಲಿ ಎಲ್ಲ ಮುಗಿಯಿತು. ಆದರೆ ಆ ಉಸಿರಿನಲ್ಲಿ ಮೌಲಾಸಾಬ ಹಿಂತಿರುಗಿ ಹೆಂಡತಿಯ ಕಡೆ ನೋಡಿದ್ದ. ಕಥೆ ಹೇಳುವ ಮುಖವಲ್ಲ ಅದು. ಕತ್ತಲಾಗುವಾಗ ಬಾಗಿಲಲ್ಲಿ ನಿಂತಿದ್ದ ಮುಖ. ಮುನೀರಾಳಿಗೆ ತಾನೇ ಹೋಗಿ ಅವನ ಮೊಣಕೈ ಹಿಡಿದಂತಾಯಿತು. ಇವನು ಇಲ್ಲಿಗೆ ಬಂದದ್ದೇ ತನ್ನ ಒಂದು ಹೂಂನಿಂದ. ಜಲನಗರದ ಗೇಟಿನಲ್ಲಿ ಕೂತರೆ ನಾಳೆ ಇವನೂ ಹೀಗೆಯೇ ಬಂದವರ ಹೋದವರ ಮೊಣಕೈ ಹಿಡಿಯಬೇಕು.

“ಬಿಸಿಲಾಗ ಛಲೋ ಕಾಣ್ತೈತಿ,” ಮೌಲಾಸಾಬ ಒಳಬಂದು ಫೋನನ್ನು ಮೇಜಿನ ಮೇಲೆ ಇಟ್ಟ. ಗಂಟಲು ಸಣ್ಣಗಾಗಿತ್ತು. “ಇದ ಇರ್ಲಿ. ಇನ್ನ ಸಿಮ್ಮು. ಹಳೇದನ್ನ ತಗದು ಒಗೀರಿ.”

“ಹಳೇದೂ ಇರ್ಲಿ ರೀ,” ಅಂದಳು ಮುನೀರಾ. ಬೆಳಗಿನಿಂದ ಅವಳಾಡಿದ ಮೊದಲ ಮಾತು ಅದು.

ಎಲ್ಲರೂ ಅವಳ ಕಡೆ ತಿರುಗಿದರು. “ಅಮ್ಮೀ, ನಿನಗೇನ್ ಗೊತ್ತು ಅದರಾಗ? ಅದ ಸಿಮ್ಮಲ್ಲೇನು ಅಬ್ಬಾಗ ಕೈ ಕೊಟ್ಟಿದ್ದು?”

“ಇಷ್ಟ್ ವರ್ಷದ ನಂಬರು...” ಅಷ್ಟು ಹೇಳಿ ನಿಂತಳು. ಆ ಸಿಮ್ಮಿನ ತಪ್ಪಿಲ್ಲ ಅನ್ನುವ ಮಾತು ಹಲ್ಲಿನವರೆಗೆ ಬಂದು, ಕನ್ನಡಿಗಳಲ್ಲಿ ಕಂಡ ತನ್ನ ಹತ್ತಾರು ಮುಖಗಳನ್ನು ನೋಡಿ ಹಿಂದೆ ಸರಿಯಿತು.

ಸಂಗು ಇಬ್ಬರಿಗೂ ಒಪ್ಪುವ ದಾರಿ ತೆಗೆದ. “ಎರಡ್ ಸಿಮ್ಮಿನ ಜಾಗಾ ಐತ್ರಿ. ಒಂದ್ರಾಗ ಹಳೇದು, ಇನ್ನೊಂದ್ರಾಗ ಬೇರೆ ಕಂಪನೀದು ಹಾಕಿ ಕೊಡ್ತೇನಿ. ಇಲ್ಲಿ ಕುಂತು ನಾ ಟವರಿನ ಪುರಾಣ ಹೇಳಿದ್ರ ಏನ್ ಉಪಯೋಗ? ನಿಮ್ಮ ಕೆರಿ ನಡುವ ಹೋಗಿ ಎರಡೂ ಹಚ್ಚಿ ನೋಡ್ರಿ. ಯಾವುದು ಮಾತಾಡ್ತೈತಿ ಅದು ನಿಮ್ದು.”

ಹೊಸ ಸಿಮ್ಮಿಗೆ ಜೀವ ಬರುವವರೆಗೆ ಮಗಳ ಮನೆಯಲ್ಲಿ ಉಂಡು, ಮಧ್ಯಾಹ್ನದ ಬಬಲೇಶ್ವರದ ಬಸ್ಸು ಹಿಡಿದರು. ಈ ಬಸ್ಸಿನಲ್ಲಿ ಮೌಲಾಸಾಬ ಯಾರಿಗೂ ಕಥೆ ಹೇಳಲಿಲ್ಲ. ಹೊಸ ಫೋನು ಕೊರಳಿನ ಪ್ಲಾಸ್ಟಿಕ್ ಚೀಲದಲ್ಲಿ ತೂಗುತ್ತಿತ್ತು, ಅವನು ಅದನ್ನು ಅಂಗೈಯಿಂದ ಮುಚ್ಚಿ ಹಿಡಿದು ಕೂತಿದ್ದ, ಯಾರಾದರೂ ಕೇಳಿಯಾರು ಎಂಬಂತೆ. ಬಬಲೇಶ್ವರದಿಂದ ಆಟೋ. ಒಡ್ಡು ಹತ್ತಿದ್ದೇ ನೀರು ಒಮ್ಮೆಲೇ ಕಣ್ಣಿಗೆ ಬಡಿಯಿತು. ಇಷ್ಟು ದೊಡ್ಡದೊಂದು ವಸ್ತು ಇಷ್ಟು ಸುಮ್ಮನೆ ಇರಬಲ್ಲದೆಂದರೆ ಮುನೀರಾಳಿಗೆ ನಂಬಿಕೆ ಬರುತ್ತಿರಲಿಲ್ಲ. ಗಾಳಿ ಇರಲಿಲ್ಲ. ತೂಬಿನ ಹತ್ತಿರ ಚಹಾ ಮಾರುವ ಹೀರಾಬಾಯಿ ದೂರದಿಂದಲೇ ಕೂಗಿದಳು.

“ಏನ್ ಮೌಲಾಣ್ಣಾ, ಕೊರಳಾಗ ತಾಯತ ಕಟ್ಕೊಂಡ್ ಬಂದಿಯಲ್ಲ!”

“ತಾಯತನ ಬೇ ಇದು. ಕೆಲಸಾ ಮಾಡ್ತೈತೋ ಇಲ್ಲೋ ನೋಡೂಣು.”

“ಈ ತೂಬಿನ ಮ್ಯಾಲ ನಿಂತ್ರ ಎಲ್ಲಾ ಸಿಮ್ಮೂ ಹತ್ತತಾವ. ಕೆರಿ ನಡುವಿಂದು ಮಾತ್ರ ಅಲ್ಲಾನ ಬಲ್ಲ.”

ಮೌಲಾಸಾಬ ಬೋಟು ಬಿಚ್ಚುತ್ತಿದ್ದ. ಅವನು ನಡುವಿಗೆ ಹೋಗಿ ಹಚ್ಚುವುದು, ಇವಳು ಒಡ್ಡಿನ ಮೇಲೆ ಕುಳಿತು ಎತ್ತುವುದು ಅಂತ ಆಗಿತ್ತು ಮಾತು. ಬೋಟಿನ ಮೂಗು ದಂಡೆ ಬಿಡುವಾಗ ಮುನೀರಾ ನೋಡಿದ್ದು ಅವನ ಬೆನ್ನು. ಈಗ ಫೋನು ಬಾರಿಸುತ್ತದೆ. ಹಳೇ ಸಿಮ್ಮೂ ಬಾರಿಸುತ್ತದೆ, ತಾನು ಎತ್ತುತ್ತೇನೆ. ಆಗ ಅವನು ಏನು ಕೇಳುತ್ತಾನೆ, ತಾನು ಇಷ್ಟು ದೂರದಿಂದ ಯಾವ ಮುಖದಲ್ಲಿ ಏನು ಹೇಳುತ್ತೇನೆ? ಅಥವಾ ಎತ್ತದೆ ಬಿಟ್ಟರೆ? ಎತ್ತದೆ ಬಿಟ್ಟರೆ ಎಲ್ಲ ಮುಗಿಯಿತು, ಕುರ್ಚಿ, ಫ್ಯಾನು, ನೆಲ. ಅಷ್ಟು ಸುಲಭ. ತನ್ನ ಕೈಯಲ್ಲಿ ಇಷ್ಟೊಂದು ಇದೆ ಅನ್ನುವುದು ತಿಳಿದು ಆ ಕೈಯನ್ನೇ ಅವಳು ನಂಬದಾದಳು.

“ತಡೀರಿ. ನಾನೂ ಬರ್ತೇನಿ.”

“ಎಲ್ಲಿಗೆ?”

“ಕೆರಿಗೆ.”

ಹೀರಾಬಾಯಿ ಚಹಾದ ಸೌಟು ಹಿಡಿದೇ ಬಂದು ನಿಂತಳು. “ಹೋಗ ಬೇ ಹೋಗು. ಏನ್ ಆಗಂಗಿಲ್ಲ, ಬಾವಿ ಅಲ್ಲ ಅದು.”

ಸೆರಗಿನ ಮೇಲೆ ಮೀನು ನಾರುವ ಕೇಸರಿ ಲೈಫ್ ಜಾಕೀಟು ತೊಡಿಸಿ, ಮೌಲಾಸಾಬ ಅವಳನ್ನು ಕೈ ಹಿಡಿದು ಕೂರಿಸಿದ. ಬೋಟು ಅವಳ ಭಾರಕ್ಕೆ ಒಂದು ಸಲ ತೂಗಿದಾಗ ಅವಳು ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಮಷೀನಿನ ಸಪ್ಪಳದಲ್ಲಿ ಅವಳು ಏನೇನೋ ಕಲ್ಮಾ ಓದಿದಳು, ಅರ್ಧಕ್ಕೆ ಮರೆತಳು, ಮತ್ತೆ ಮೊದಲಿನಿಂದ ಓದಿದಳು. ಒಡ್ಡು ಸಣ್ಣಗಾಯಿತು, ಹೀರಾಬಾಯಿ ಒಂದು ಬಣ್ಣದ ಚುಕ್ಕೆಯಾದಳು. ನಡುವಿನಲ್ಲಿ ಅವನು ಮಷೀನು ಬಂದ್ ಮಾಡಿದ. ಕಿವಿಯೊಳಗೆ ಅಷ್ಟಗಲ ಮೌನ ತೆರೆಯಿತು. ಅವತ್ತು ಇಲ್ಲಿಯೇ, ಹೀಗೆಯೇ ಬಂದ್ ಬಿದ್ದಿತ್ತು ಅಂತ ಅವಳಿಗೆ ಕೇಳದೆಯೇ ಗೊತ್ತಾಯಿತು. ಆಗ ಅವನು ಅವಳಿಗೆ ಫೋನು ಹಚ್ಚಿದ್ದ, ಅವಳು ಒಲೆ ಹಚ್ಚಿದ್ದಳು.

“ಮೊದ್ಲ ಹೊಸಾದು,” ಅಂದ ಅವನು. ಬಿಸಿಲಿನಲ್ಲಿ ಹೊಳೆಯುವ ಪರದೆಯ ಮೇಲೆ ತಡಕಿ ತಡಕಿ ನಂಬರು ಒತ್ತಿದ. ಅವಳ ಅಂಗೈಯಲ್ಲಿದ್ದ ಗುಂಡಿ ಫೋನು ಬಾರಿಸಿತು. ಮತ್ತೊಂದು ಸಲ. ನಿಂತಿತು.

“ನೋಡು! ನೋಡಿದಿಲ್ಲೋ?” ಮೌಲಾಸಾಬ ಆಕಾಶಕ್ಕೆ ಕೈ ಎತ್ತಿದ. “ಎರಡ ಸಲಾ! ಆಮ್ಯಾಗ ತಾನ ಕಟ್ ಆಗ್ತೈತಿ. ಅವತ್ತೂ ಹಿಂಗ ಆತು. ಎಲ್ಲಾ ಕಂಪನ್ಯಾವ್ರೂ ಕಳ್ಳರು.”

ಮುನೀರಾ ಅವನ ಹೆಬ್ಬೆರಳನ್ನು ನೋಡಿದ್ದಳು. ಎರಡನೇ ರಿಂಗು ಮುಗಿಯುತ್ತಿದ್ದಂತೆ, ಅವನ ಕಣ್ಣು ಎಲ್ಲೋ ನೀರಿನ ಮೇಲಿದ್ದಾಗಲೇ, ಆ ಹೆಬ್ಬೆರಳು ಯಾರ ಅಪ್ಪಣೆಯನ್ನೂ ಕೇಳದೆ, ಮನೆಯ ದಾರಿ ತಿಳಿದ ಎತ್ತಿನ ಹಾಗೆ, ನೆಟ್ಟಗೆ ಹೋಗಿ ಕೆಂಪು ಗುರುತು ಒತ್ತಿ ತಿರುಗಿ ಬಂದಿತ್ತು.

“ಹಳೇದ್ರಿಂದ ಹಚ್ಚರಿ,” ಅಂದಳು. ತನ್ನ ದನಿ ತನಗೇ ಹೊಸದಾಗಿ ಕೇಳಿತು.

ಹಚ್ಚಿದ. ಒಂದು, ಎರಡು. ಹೆಬ್ಬೆರಳು ಹೊರಟಿತು. ಕೆಂಪು ಮುಟ್ಟಿತು. “ಇದೂ ಅಷ್ಟ!” ಅಂದ ಮೌಲಾಸಾಬ, ಗೆದ್ದವನೂ ಸೋತವನೂ ತಾನೇ ಎಂಬಂತೆ. “ಮುಗೀತು. ನದೀಮಗ ಹೇಳ್ತೇನಿ, ಆ ಕುರ್ಚಿ...”

“ನೀವ ಕಟ್ ಮಾಡಾಕತ್ತೀರಿ.”

“ಯಾರು? ನಾನಾ? ಹುಚ್ಚಿ ಏನ್ ನೀನು?”

“ಮತ್ತೊಮ್ಮಿ ಹಚ್ಚರಿ.”

ಅವನು ಹಚ್ಚಿದ. ಮುನೀರಾ ಬೋಟಿನ ಅಂಚು ಬಿಟ್ಟು, ನಡುವಿನ ಹಲಗೆಯ ಮೇಲೆ ಮುಂದಕ್ಕೆ ಬಾಗಿ, ಅವನ ಹೆಬ್ಬೆರಳನ್ನು ಮುಷ್ಟಿಯೊಳಗೆ ಹಿಡಿದುಕೊಂಡಳು. ಒಂದು. ಎರಡು. ಮುಷ್ಟಿಯೊಳಗೆ ಆ ಬೆರಳು ಜೀವ ಬಂದ ಮೀನಿನ ಹಾಗೆ ಎಗರಿತು. ಮೌಲಾಸಾಬ ತನ್ನ ಕೈಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಮೂರು. ಅವಳ ಫೋನಿನಲ್ಲಿ ಇಷ್ಟು ವರ್ಷ ಎರಡೇ ಎಳೆ ಕೇಳಿಸಿ ಹರಿದುಹೋಗುತ್ತಿದ್ದ ರಾಗ ಮುಂದುವರಿಯಿತು. ಅದು ಮೇಲೆ ಹತ್ತಿ, ಒಂದು ಕಡೆ ಹೊರಳಿ, ಕೊಳಲಿನಂಥ ಏನನ್ನೋ ಜೊತೆಗೆ ಕರೆದುಕೊಂಡು ಇಳಿಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ನಾಲ್ಕು. ಐದು. ಇಬ್ಬರೂ ಉಸಿರು ಹಿಡಿದು, ಬೇರೆ ಯಾರದೋ ಮನೆಯ ಮದುವೆಯ ವಾಲಗ ಕೇಳಿದ ಹಾಗೆ ಕೇಳಿದರು.

“ಯಾ ಅಲ್ಲಾ,” ಅಂದ ಮೌಲಾಸಾಬ ಮೆಲ್ಲಗೆ. “ಅವತ್ತೂ ನಾನ ಕಟ್ ಮಾಡೀನಿ. ಒಂದ ಕೈಲೆ ಹುಟ್ಟು ಹಿಡಕೊಂಡು, ಸಾಯೂ ಹೊತ್ತಿನ್ಯಾಗೂ...”

ಮುನೀರಾ ಹಸಿರು ಗುಂಡಿ ಒತ್ತಿ ಫೋನನ್ನು ಕಿವಿಗಿಟ್ಟಳು. ಮುಖ ನೋಡಿ ಹೇಳಲಾಗದ್ದು ಅದಕ್ಕೆ ಹೇಳಿದರೆ ಬಂದೀತು ಅನ್ನಿಸಿತು.

“ಅವತ್ತ ಬಾರಿಸಿತ್ರಿ.”

ಅವನೂ ತನ್ನದನ್ನು ಕಿವಿಗಿಟ್ಟ. “ಎರಡ ಸಲಾ?”

“ಎರಡ ಸಲಾ. ನಾ ಕೇಳೀನಿ. ಹೊಂಟ್ರಿ ಅಂತ ತಿಳದು ರೊಟ್ಟಿ ಬಡದೆ. ಬರ್ಲಿಲ್ಲ, ಸಿಟ್ಟಿಗೆದ್ದು ಮಕ್ಕೊಂಡೆ. ತಿರಗಿ ಹಚ್ಲಿಲ್ಲ. ನೀವು ನೆಟ್‌ವರ್ಕ್ ಅಂದ್ರಿ, ನಾ ಹೂಂ ಅಂದೆ.”

ಬೋಟು ಒಂದಿಷ್ಟು ತಿರುಗಿತು. ಮೌಲಾಸಾಬನ ಮುಖದ ಮೇಲೆ ಬಿಸಿಲು ಹೊರಳಿತು. ಅವನು ಏನು ಹೇಳುತ್ತಾನೋ ಅಂತ ಅವಳು ಕಾಯುತ್ತಿದ್ದಂತೆ ಅವನ ಹೊಟ್ಟೆ ಕುಣಿಯತೊಡಗಿತು, ಭುಜ ಕುಣಿಯತೊಡಗಿತು, ಬೋಟೇ ಅವನ ನಗುವಿಗೆ ತೂಗತೊಡಗಿತು.

“ಪಾಪ ಆ ಸಿಮ್ಮಿನ್ಯಾಗಿನವ್ರು!” ಅಂದ. “ಅವರ ಏಳ್ ತಲಿ ಬಯ್ದೀನಲ್ಲ, ಟಿಕೋಟಾದಿಂದ ವಿಜಾಪುರತನಕ!”

ಅವಳಿಗೂ ನಗು ಬಂತು, ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು. ಬೋಟಿನಲ್ಲಿ ಕೂತವಳು ಬೋಟಿನ ಅಂಚು ಹಿಡಿದಿಲ್ಲ ಅನ್ನುವುದು ಆಗ ಅವಳ ಗಮನಕ್ಕೆ ಬಂತು. ಹಿಡಿಯಲು ಹೋಗಲಿಲ್ಲ. “ಸಾಹುಕಾರಗ ಇವತ್ತ ಹೇಳ್ರಿ,” ಅಂದಳು ಫೋನಿನೊಳಗೆ, “ಬೋಟ್ ನೀವ ನಡಸ್ತೀರಿ ಅಂತ. ಆ ಕುರ್ಚಿ ಮ್ಯಾಲ ನದೀಮನ ಕುಂದ್ರಲಿ.”

ಅವನು ನಗು ನಿಲ್ಲಿಸಿ ಅವಳನ್ನು ನೋಡಿದ. ಎದ್ದು ಹೋಗಿ ಬೋಟಿನ ಆಚೆ ತುದಿಯಲ್ಲಿ, ಬೆನ್ನು ಮಾಡಿ, ದೂರದ ಊರಿಂದ ಮಾತಾಡುವ ಗಂಡಸಿನ ಹಾಗೆ ಕಿವಿಗೆ ಕೈ ಮುಚ್ಚಿ ಕೂತ. ಅವನ ದನಿ ಅವಳಿಗೆ ಎರಡು ಸಲ ಬಂತು: ಒಮ್ಮೆ ಬೋಟಿನ ಮೇಲಿಂದ, ಆಮೇಲೆ ಒಂದು ಗಳಿಗೆ ತಡೆದು ಫೋನಿನಿಂದ, ಎಲ್ಲೋ ಟವರಿನವರೆಗೆ ಹೊಲ ದಾಟಿ ಹೋಗಿ ತಿರುಗಿ ಬಂದದ್ದಕ್ಕೆ ಸ್ವಲ್ಪ ಏದುಸಿರು ಬಿಡುತ್ತ. ಅವಳು ತಡವಾಗಿ ಬರುವ ಆ ದನಿಗೆ ಕಿವಿ ಕೊಟ್ಟಳು. ಫೋನಿನಲ್ಲಿ ಅವನ ದನಿಯನ್ನು ಅವಳು ಕೇಳುತ್ತಿದ್ದದ್ದು ಇದೇ ಮೊದಲು. ಎದುರಿಗಿರುವವನಿಗಿಂತ ಇವನು ಸಣ್ಣ ವಯಸ್ಸಿನವನು.

“ಹಲೋ. ನಾನು ಕೆರ್ಯಾಗ ಅದೀನಿ. ಗಾಳಿ ಇಲ್ಲ. ಮಷೀನ್ ಛಲೋ ಐತಿ. ಸಂಗಟ ನಮ್ಮಾಕಿ ಅದಾಳ. ಆಚಿ ದಂಡೀಗೆ ಬಿಳೀ ಹಕ್ಕಿ ಕುಂತಾವ, ಅಕಿಗೆ ತೋರಿಸ್ಬೇಕು. ಬರೂದು ತಡಾ ಆಗ್ತೈತಿ.”

“ಆಗ್ಲಿ,” ಅಂದಳು ಮುನೀರಾ.